ಅಜ್ಜಿ ಹೇಳದ ಹೆಸರಿನ ಇಬ್ಬರು

ಈ ಬರಹದಲ್ಲಿ ನಮ್ಮ ತಾತನ ಹೆಸರು ಬರುವುದಿಲ್ಲ. ಅಜ್ಜಿ ಬದುಕಿದ್ದಷ್ಟು ದಿನವೂ ಗಂಡನ ಹೆಸರು ಹೇಳಲಿಲ್ಲ. ನಾನು ಬರೆದು ಅವಳ ನೇಮ ಕೆಡಿಸುವುದೇಕೆ? ಅದು ನಮ್ಮ ಮನೆದೇವರ ಹೆಸರೂ ಹೌದು. ಹಾಗಾಗಿ ಅವಳು ದೇವರಿಗೆ ಕೈಮುಗಿಯುವಾಗಲೂ "ಅಪ್ಪಾ, ಬೆಟ್ಟದೋನೇ" ಎನ್ನುತ್ತಿದ್ದಳು. ಕಡೂರಿಗೆ ಹೋಗುವ ಬಸ್ಸಿನ ಹಣೆಯ ಮೇಲೂ ಅದೇ ಹೆಸರಿತ್ತು. ಅದು ಅವಳಿಗೆ ಕೊನೆಯವರೆಗೂ "ಆ ಹಸ್ರು ಬಸ್ಸು".

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕಡೂರಿನ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೆ. ಚಿಕ್ಕಂದಿನಿಂದ ಹಾಸ್ಟೆಲ್ಲಿನಲ್ಲಿ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಮಲಗಿ ಬೆಳೆದವಳು. ಮದುವೆಯಾಗಿ ಮನೆ ಹೂಡಿದ ಮೇಲೂ ಐದಕ್ಕೆ ಏಳುವುದು, ಭಾನುವಾರ ಸಂಜೆಯೇ ವಾರದ ಸೀರೆಗಳನ್ನು ಇಸ್ತ್ರಿ ಮಾಡಿ ದಿನದ ಕ್ರಮದಲ್ಲಿ ಜೋಡಿಸುವುದು ತಪ್ಪಿರಲಿಲ್ಲ. ನನ್ನ ತರಗತಿಯಲ್ಲಿ ಒಂದೇ ಹೆಸರಿನ ನಾಲ್ವರು ಹುಡುಗರಿದ್ದರು. ಹಾಜರಿ ಪುಸ್ತಕದಲ್ಲಿ ಅವರ ತಂದೆಯ ಹೆಸರಿನ ಮೊದಲಕ್ಷರ ಸೇರಿಸಿ ನಾಲ್ವರನ್ನೂ ಬೇರೆ ಮಾಡಿದ್ದೆ. ತಂದೆಯ ಹೆಸರು ಗೊತ್ತಿದ್ದರೆ ಯಾರನ್ನು ಬೇಕಾದರೂ ಗುರುತಿಸಬಹುದು ಎಂಬುದು ನನ್ನ ನಂಬಿಕೆಯಾಗಿತ್ತು.

ಆ ವರ್ಷ ನನ್ನ ಕೊನೆಯ ತಂಗಿಗೆ ಒಂದು ಸಂಬಂಧ ಬಂತು. ಹುಡುಗ ಕಡೂರಿನ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ಮನೆ ತರೀಕೆರೆಯ ಹತ್ತಿರದ ಹಳ್ಳಿ. ಸಖರಾಯಪಟ್ಟಣದಿಂದ ಬರುತ್ತಿದ್ದ ನನ್ನ ಜೊತೆಯ ಶಿಕ್ಷಕಿ ಈ ಮಾತು ತಂದವರು. ತಂಗಿ ನಮ್ಮ ಮನೆಯಲ್ಲಿದ್ದುಕೊಂಡು ಟೈಪಿಂಗ್ ಕಲಿಯುತ್ತಿದ್ದಳು. ಹುಡುಗನನ್ನು ಎರಡು ಸಲ ನೋಡಿದ್ದಳು. ಮೂರನೆಯ ಸಲ ನೋಡಲು ನಮ್ಮ ಎಮ್ಮೆಗೆ ಇಲ್ಲದ ಕಾಯಿಲೆ ಹೇಳಿಕೊಂಡು ತಾನೇ ಆಸ್ಪತ್ರೆಗೆ ಹೊಡೆದುಕೊಂಡು ಹೋಗಿದ್ದಳು. ಹೀಗಿರುವಾಗ ಅವಳ ಒಪ್ಪಿಗೆಯನ್ನು ಬಾಯಿಬಿಟ್ಟು ಕೇಳುವ ಅಗತ್ಯವಿರಲಿಲ್ಲ.

ಗಂಡಿನ ಕಡೆಯವರು ವಾಡಿಕೆಯಂತೆ ಒಂದು ಚೀಟಿ ಕಳಿಸಿದರು. ಮನೆದೇವರು ಯಾರು, ಹಿರಿಯರು ಯಾರು, ಮೂಲ ಯಾವುದು ಎಂದು ಅದರಲ್ಲಿ ಬರೆದಿತ್ತು. ಎರಡು ಸಲ ಓದಿದೆ. ಮನೆದೇವರು ನಮ್ಮದೇ. ಹುಡುಗನ ತಾತನ ಹೆಸರು ನಮ್ಮ ತಾತನದೇ. ಮೂಲ ಸ್ಥಳ ಅಜ್ಜಂಪುರದ ಪಕ್ಕದ ನಮ್ಮದೇ ಹಳ್ಳಿ.

ನಮ್ಮಲ್ಲಿ ಒಂದೇ ಮನೆದೇವರ ಒಕ್ಕಲಾದರೆ ದಾಯಾದಿಗಳು, ಅಣ್ಣತಂಗಿಯರ ವರಸೆ. ಮದುವೆಯ ಮಾತೇ ಇಲ್ಲ. ಆದರೂ ಹೆಸರು ಒಂದೇ ಆದ ಮಾತ್ರಕ್ಕೆ ಮನುಷ್ಯ ಒಬ್ಬನೇ ಆಗಬೇಕಿಲ್ಲ, ಮನುಷ್ಯ ಬೇರೆಯಾದರೆ ವಂಶವೂ ಬೇರೆಯಿರಬಹುದು ಎಂದು ನಾನು ಹಟ ಹಿಡಿದೆ. ನಮ್ಮ ಕಡೆ ಮೊಮ್ಮಗನಿಗೆ ತಾತನ ಹೆಸರಿಡುವುದು ರೂಢಿ. ಒಂದು ಊರಿನಲ್ಲಿ ಒಂದೇ ಹೆಸರಿನವರು ಎಷ್ಟು ಜನ ಬೇಕಾದರೂ ಇರಬಹುದು. ಬಿಳಿ ಹಾಳೆಗೆ ಅಡ್ಡಗೆರೆ, ಉದ್ದಗೆರೆ ಹಾಕಿ ವಂಶದ ಪಟ್ಟಿ ಶುರು ಮಾಡಿದೆ. ಎಡಗಡೆ ನಮ್ಮ ಮನೆ, ಬಲಗಡೆ ಅವರ ಮನೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಬುತ್ತಿ ಕಟ್ಟಿಕೊಂಡು, ಒಂದು ವಾರ ಊರಿಗೆ, ಇನ್ನೊಂದು ವಾರ ತರೀಕೆರೆಗೆ ಬಸ್ಸು ಹತ್ತಿದೆ.

ಊರಿನಲ್ಲಿ ದೊಡ್ಡಪ್ಪನ ಪೆಟ್ಟಿಗೆಯಲ್ಲಿ ಹಳೆಯ ಪತ್ರಗಳಿದ್ದವು. ಮಹಾರಾಜರ ಕಾಲದ ಛಾಪಾ ಕಾಗದ, ಮೋಡಿ ಅಕ್ಷರದಂತೆ ಒಂದಕ್ಕೊಂದು ಅಂಟಿಕೊಂಡ ಬರವಣಿಗೆ. ತಾತನ ಹೆಸರು, ಮುಂದೆ 'ಬಿನ್' ಎಂದು ಅವರ ತಂದೆಯ ಹೆಸರು. ತರೀಕೆರೆಯ ತಾಲ್ಲೂಕು ಕಚೇರಿಯಲ್ಲಿ ಹಳೆಯ ಖಾತೆ ಪುಸ್ತಕ ತೆಗೆಸಲು ಮೂರು ಶನಿವಾರ ಬೇಕಾಯಿತು. ಮೂರನೆಯ ಶನಿವಾರ ಗುಮಾಸ್ತರು ಧೂಳು ಹೊಡೆದು, ಹಾಳೆ ತಿರುವಿ, ಬೆರಳಿಟ್ಟು ತೋರಿಸಿದರು. ಅದೇ ಹೆಸರು. ಬಿನ್, ಅದೇ ತಂದೆ. ಪಕ್ಕದಲ್ಲಿ ನಮ್ಮ ಊರಿನ ಹೆಸರು, ಅಲ್ಲಿಂದ ಬಂದವನು ಎಂದು.

"ಸಿಕ್ತಲ್ಲಮ್ಮ, ನಿಮ್ಮೋರೇ" ಎಂದರು ಗುಮಾಸ್ತರು, ಉಪಕಾರ ಮಾಡಿದ ಮುಖದಲ್ಲಿ.

ತಂದೆಯ ಹೆಸರೂ ಒಂದೇ ಆದ ಮೇಲೆ ನನ್ನ ಹಾಜರಿ ಪುಸ್ತಕದ ವಿದ್ಯೆ ಮುಗಿಯಿತು. ಎಡಗಡೆಯ ಮನೆ, ಬಲಗಡೆಯ ಮನೆ ಎರಡರಿಂದಲೂ ಗೆರೆ ಎಳೆದು ಮೇಲೆ ತಾತನ ಒಂದೇ ಚೌಕದಲ್ಲಿ ಕೂಡಿಸಿದೆ. ಕೂಡಿಸಿದ ಮೇಲೆಯೇ ಅದರ ಅರ್ಥ ಹೊಳೆದದ್ದು. ನಮ್ಮ ತಾತ ಊರಿನಲ್ಲೊಂದು, ತರೀಕೆರೆಯಲ್ಲೊಂದು, ಹೀಗೆ ಎರಡು ಸಂಸಾರ ಮಾಡಿದ್ದರು!

ನಮ್ಮಪ್ಪ ತೀರಿಕೊಂಡ ಮೇಲೆ ನಮ್ಮ ಹೊಣೆಯೂ ದೊಡ್ಡಪ್ಪನದು. ತಾತ ಸತ್ತಾಗ ದೊಡ್ಡಪ್ಪನಿಗೆ ಐದಾರು ವರ್ಷ; ನಮ್ಮಪ್ಪ ತೊಟ್ಟಿಲಲ್ಲಿ. ಪಟ್ಟಿ ನೋಡಿ ದೊಡ್ಡಪ್ಪ ಮೀಸೆ ತಿರುವಿದರು.

"ಅಪ್ಪ ಆಗಾಗ ತರೀಕೆರೆಗೆ ಹೋಗ್ತಿದ್ದದ್ದು ನೆನಪೈತೆ. ಎರಡ್ಮೂರು ದಿನ ಅಲ್ಲೇ ಇರೋರು. ಬರೋವಾಗ ನಂಗೆ ಮಂಡಕ್ಕಿ ತರೋರು." ಅರವತ್ತು ದಾಟಿದ ಮನುಷ್ಯನ ಮುಖದಲ್ಲಿ, ಆ ಮಂಡಕ್ಕಿ ತಿನ್ನಬಾರದಿತ್ತೇನೋ ಎಂಬ ಭಾವ. "ಲೇ, ಈ ಮಾತು ಇಲ್ಗೇ ನಿಂತೋಗ್ಬೇಕು. ಅವ್ವನ ಕಿವಿಗೆ ಬಿದ್ರೆ ಈ ವಯಸ್ಸಲ್ಲಿ ಎದೆ ಒಡ್ಕಂತಾಳೆ. ಆ ಕಡೆಯೋರ್ಗೂ ಏನೂ ಕೇಳ್ಬೇಡ. ವರಸೆ ಕೂಡಲ್ಲ ಅಂತ ಹೇಳ್ಕಳ್ಸು, ಅಷ್ಟೇ."

ಅಜ್ಜಿಯನ್ನು ನಾನು ಮೊದಲೇ ಒಮ್ಮೆ ಕೇಳಿದ್ದೆ, ಕ್ರಮ ತಪ್ಪಿಸದೆ. ತಾತನ ಹೆಸರಿನವರು ನಮ್ಮ ಊರಿನಲ್ಲಿ ಇನ್ನು ಯಾರಾದರೂ ಇದ್ದರೇ ಎಂದು. ಅವಳು ಹುಣಸೆಹಣ್ಣಿನ ಬೀಜ ಕುಟ್ಟಿ ತೆಗೆಯುತ್ತಿದ್ದವಳು ತಲೆ ಎತ್ತದೆ, "ಹೆಸ್ರು ಗಿಸ್ರು ನಂಗೇನು ಗೊತ್ತು, ಹೋಗೇ" ಎಂದಿದ್ದಳು. ಮುಪ್ಪಿನ ಮರೆವು ಎಂದುಕೊಂಡು ನನ್ನ ಪಟ್ಟಿಯಲ್ಲಿ ಅವಳ ಎದುರು 'ಮಾಹಿತಿ ಇಲ್ಲ' ಎಂದು ಬರೆದಿದ್ದೆ.

ಮುಂದಿನ ಭಾನುವಾರ ತಂಗಿಯನ್ನು ಊರಿಗೆ ಕರೆದುಕೊಂಡು ಬಂದು ಹಿತ್ತಲಿನಲ್ಲಿ ಕೂರಿಸಿ ಪಟ್ಟಿ ತೋರಿಸಿದೆ. ಮೆಲುದನಿಯಲ್ಲಿ ಮೊದಲಿನಿಂದ ಕೊನೆಯವರೆಗೆ ವಿವರಿಸಿದೆ. ಅವಳು ಕೊನೆಯ ಚೌಕದವರೆಗೆ ಕೇಳಿದಳು.

"ಮುಗೀತಾ ಪಾಠ?"

"ಮುಗೀತು."

"ನಿನ್ ಪಟ್ಟಿಗೆ ಬೆಂಕಿ ಬೀಳ. ನಾವ್ ಹುಟ್ಟಿಲ್ದಿರೋ ಕಾಲದ ಕಾಗ್ದ ತಂದು ನನ್ ಮದ್ವೆ ಮುರೀತೀಯಲ್ಲೇ. ಅಜ್ಜೀನ ಕೇಳ್ದ್ಯಾ?"

"ಅವಳ ಹತ್ತಿರ ಈ ಮಾತು ಎತ್ತಕೂಡದು ಅಂತ ದೊಡ್ಡಪ್ಪ..."

ಅವಳು ಎದ್ದೇ ಬಿಟ್ಟಳು. ಕಣ್ಣು ತುಂಬಿತ್ತು, ನಡಿಗೆಯಲ್ಲಿ ಮಾತ್ರ ಅಳುವಿರಲಿಲ್ಲ. ನಾನು ಹಿಂದೆ ಓಡಿ ಸೆರಗು ಹಿಡಿಯುವಷ್ಟರಲ್ಲಿ ಜಗಲಿ ತಲುಪಿ ಅಜ್ಜಿಯ ಎದುರು ನಿಂತು ಕೇಳಿದಳು:

"ಅಜ್ಜಿ, ತಾತನಿಗೆ ತರೀಕೆರೆಯಲ್ಲಿ ಇನ್ನೊಂದು ಸಂಸಾರ ಇತ್ತಾ?"

ಜಗಲಿಯ ಆ ತುದಿಯಲ್ಲಿ ಕೂತಿದ್ದ ದೊಡ್ಡಪ್ಪನ ಕೈಯಿಂದ ಎಲೆ ಅಡಿಕೆ ತಟ್ಟೆ ಜಾರಿತು. ಅಜ್ಜಿ ಹುಣಸೆಹಣ್ಣು ಕೆಳಗಿಟ್ಟಳು. ಮೊಮ್ಮಗಳನ್ನು ನೋಡಿದಳು, ನನ್ನನ್ನು ನೋಡಿದಳು, ಮಗನನ್ನು ನೋಡಿದಳು. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗಿ, ತಂಗಿ ಬೆನ್ನು ಉಜ್ಜಬೇಕಾಯಿತು.

"ಅಯ್ಯೋ ನನ್ನವ್ವ! ಅವ್ರ್ಗೆ ಎರಡು ಸಂಸಾರವಾ! ಪಂಚೆ ಎಲ್ಲೈತೆ ಅಂತ ದಿನಾ ನನ್ ಕೇಳೋರು ಕಣೇ. ಅಲ್ಲಿ ಯಾರನ್ ಕೇಳೋರು?"

ದೊಡ್ಡಪ್ಪ ತಡೆಯಲಾರದೆ ಹೇಳಿದರು: "ಮತ್ತೆ ತರೀಕೆರೆಗೆ ಹೋಗಿ ಇರ್ತಿದ್ದದ್ದು ಯಾರ ಮನೇಲವ್ವ?"

"ನಮ್ಮಣ್ಣನ ಮನೇಲಿ."

"ನಿಂಗೆ ಅಣ್ಣ ಎಲ್ಲವ್ನೆ? ನೀನು ಒಬ್ಳೇ ಮಗ್ಳಲ್ವಾ?"

"ಒಡಹುಟ್ಟಿದೋನಿಲ್ಲ, ಅದ್ಕೇ ಅವ್ನೇ ಅಣ್ಣ." ಅಜ್ಜಿ ಎರಡು ಹುಣಸೆಬೀಜ ಆರಿಸಿ ಪಕ್ಕಪಕ್ಕ ಇಟ್ಟಳು. "ಇದು ಅವ್ರು. ಇದು ನಮ್ಮಣ್ಣ. ಅವ್ರ ಸೋದರತ್ತೆ ಮಗ. ಆ ಅತ್ತೆಗೆ ಗಂಡು ತಂದು ಈ ಮನೇಲೇ ಇಟ್ಕಂಡಿದ್ರು, ಮನೆಅಳಿಯ ಅಂತ. ಇಲ್ಲೇ ಇದ್ದು ಈ ಮನೆ ದೇವ್ರಿಗೇ ನಡ್ಕಂಡ. ಮಗ ತೊಟ್ಲಲ್ಲಿರೋವಾಗ್ಲೇ ಆ ಅಳಿಯ ತೀರ್ಕಂಡ. ಸಾಕ್ದೋನು ನಮ್ಮಾವ. ತಾತ ಒಬ್ಬ್ನೇ ನೋಡು ಇಬ್ರಿಗೂ, ಇವ್ರಿಗೆ ಅಪ್ಪನಪ್ಪ, ಅವ್ನಿಗೆ ತಾಯಪ್ಪ. ಇಬ್ರಿಗೂ ಆ ತಾತನ ಹೆಸ್ರೇ."

"ಕಾಗದದಲ್ಲಿ ಅವರಿಗೂ ಬಿನ್ ಅಂತ ನಮ್ಮ ಮುತ್ತಾತನ ಹೆಸರೇ ಇದೆಯಲ್ಲಜ್ಜಿ" ಎಂದೆ. ನನ್ನ ಬೆರಳು ಇನ್ನೂ ಆ ಚೌಕದ ಮೇಲಿತ್ತು.

"ಶಾನುಭೋಗ ಬಂದು ಯಜಮಾನ ಯಾರು ಅಂತಿದ್ದ, ಬರ್ಕಂಡು ಹೋಗ್ತಿದ್ದ. ಒಲೆ ಮುಂದೆ ಕೂತೋಳ್ನ ಕೇಳಿದ್ನಾ, ಯಾರ ಮಗ ಅಂತ?"

"ನಾನು ಕೇಳಿದೆನಲ್ಲ! ಗೊತ್ತಿಲ್ಲ ಅಂದೆ."

"ನೀನು ಹೆಸ್ರು ಕೇಳ್ದೆ ಕಣೇ ಮೇಷ್ಟ್ರಮ್ಮ. ಇಬ್ರದೂ ನಾನು ಹೇಳೋ ಹೆಸ್ರಲ್ಲ. ನಮ್ಮಣ್ಣ ಎಲ್ಲೋದ ಅಂತ ಕೇಳಿದ್ರೆ ಹೇಳ್ತಿದ್ದೆ."

ಆಮೇಲೆ ಅವಳು ತಾನಾಗಿ ಹೇಳಿದಳು. ತವರಿನಲ್ಲಿ ಅಣ್ಣತಮ್ಮಂದಿರಿಲ್ಲದ ಕಾರಣ ಗೌರಿ ಹಬ್ಬಕ್ಕೆ ಅವಳಿಗೆ ಬಾಗಿನ ತರುವವರಿರಲಿಲ್ಲ. ಮದುವೆಯಾಗಿ ಬಂದ ಮೊದಲ ಹಬ್ಬದ ದಿನ ಅಡುಗೆಮನೆಯ ಮೂಲೆಯಲ್ಲಿ ಅಳುತ್ತಾ ಕೂತಿದ್ದಳಂತೆ. ಗಂಡನ ಸೋದರತ್ತೆಯ ಮಗ ವರಸೆಯಲ್ಲಿ ಅಣ್ಣನಾಗಬೇಕು. ಆತ ಮೊರ ತುಂಬಿಸಿ ತಂದು "ಏಳವ್ವ ತಂಗಿ" ಎಂದನಂತೆ. ತರೀಕೆರೆ ಕಡೆ ಜಮೀನು ಸಿಕ್ಕಿ ಹೋದ ಮೇಲೂ ವರ್ಷ ತಪ್ಪದೆ ಮೊರ ಹೊತ್ತು ಬರುತ್ತಿದ್ದನಂತೆ. ತಾತ ಸತ್ತ ಮೇಲೆ ಮುತ್ತೈದೆಗೆ ಕೊಡುವ ಬಾಗಿನ ಅವಳಿಗೆ ಸಲ್ಲುವಂತಿರಲಿಲ್ಲ. ಬಾಗಿನ ನಿಂತಿತು, ಬರುವ ನೆಪವೂ ನಿಂತಿತು. ಒಂದೆರಡು ವರ್ಷದಲ್ಲಿ ಆತನೂ ತೀರಿಕೊಂಡನೆಂದು ಸುದ್ದಿ ಬಂತು. ಎರಡು ಮನೆಗಳ ನಡುವಿನ ದಾರಿ ಹಾಗೆ ಮುಚ್ಚಿಹೋಗಿತ್ತು.

ದಾಯಾದಿಯಾದವನು ಮನೆಯ ಸೊಸೆಗೆ ಬಾಗಿನ ತರುವುದಿಲ್ಲ. ಅಣ್ಣ ತರುತ್ತಾನೆ. ಅಣ್ಣನ ಮೊಮ್ಮಗ ನಮಗೆ ಭಾವನ ವರಸೆ. ಮದುವೆಗೆ ಇದಕ್ಕಿಂತ ನೇರವಾದ ಸಂಬಂಧ ಬೇಕೇ?

ದೊಡ್ಡಪ್ಪ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. "ಅವ್ವ ಹೇಳೋದು ಸರಿ. ನಾಳೆ ಜನ ಕಾಗ್ದ ಹಿಡ್ಕಂಡು ಬಂದ್ರೆ? ನಮ್ಮವ್ವ ಹಿಂಗಂದ್ಲು ಅನ್ಲಾ?" ಎಂದರು. ಅವರದೂ ನ್ಯಾಯವೇ. ಆ ಕಡೆಯಿಂದಲೂ ಒಂದು ಸಾಕ್ಷಿ ಬೇಕಿತ್ತು. ಮುಂದಿನ ಶನಿವಾರ ನಾನೂ ದೊಡ್ಡಪ್ಪನೂ ತರೀಕೆರೆಗೆ ಹೋದೆವು. ತಂಗಿ ಬಸ್ಸಿನ ಕಿಟಕಿಯವರೆಗೂ ಬಂದು, "ಉತ್ರ ಸರಿಯಾಗಿ ಬರೋ ಹಂಗೆ ಪ್ರಶ್ನೆ ಕೇಳೇ" ಎಂದಳು. ಹಾಗೆ ಕೇಳುವುದು ನನ್ನ ಪದ್ಧತಿಯಲ್ಲ. ಉತ್ತರವನ್ನು ಒಳಗಿಟ್ಟುಕೊಂಡ ಪ್ರಶ್ನೆಯಿಂದ ಮಕ್ಕಳು ಏನೂ ಕಲಿಯುವುದಿಲ್ಲ.

ಹುಡುಗನ ತಂದೆಗೆ ಎಪ್ಪತ್ತರ ಹತ್ತಿರ. ಕಾಫಿ ಕುಡಿದ ಮೇಲೆ ನಾನು ಒಂದೇ ಪ್ರಶ್ನೆ ಕೇಳಿದೆ. "ನಿಮ್ಮ ತಂದೆ ಅಜ್ಜಂಪುರದ ಕಡೆಗೆ ಯಾವಾಗಲಾದರೂ ಬರುತ್ತಿದ್ದರೇ?"

"ವರ್ಷಕ್ಕೊಂದ್ಸಲ ಹೋಗೋರು. ನಾನಾಗ ಹತ್ತು ವರ್ಷದೋನು. ತಲೆ ಮೇಲೆ ಮೊರ ಇಟ್ಕಂಡು ಹೊರಡೋರು, ಮೇಲೊಂದು ಮೊರ ಮುಚ್ಚಿ. ಎಲ್ಲಿಗಪ್ಪಾ ಅಂದ್ರೆ, ತಂಗಿ ಕಾಯ್ತಿರ್ತಾಳೆ ಅನ್ನೋರು. ನಮ್ಮಪ್ಪಂಗೆ ತಂಗೀರೇ ಇರ್ಲಿಲ್ಲ. ಆ ತಂಗಿ ಯಾರು ಅಂತ ಅಪ್ಪ ಇರೋಗಂಟ ನಮ್ಮವ್ವ ಹಂಗಿಸ್ತಾನೇ ಇದ್ಲು ಕಣ್ರೀ."

ದೊಡ್ಡಪ್ಪ ಲೋಟ ಕೆಳಗಿಟ್ಟರು. "ಆ ತಂಗಿ ಇನ್ನೂ ಅವ್ಳೆ. ಹುಣಸೆಹಣ್ಣು ಕುಟ್ತಾ ಕೂತವ್ಳೆ. ಹೇಳಿ ಬೀಗ್ರೇ, ಲಗ್ನ ಯಾವಾಗ?"

ಮದುವೆ ಸುಗ್ಗಿ ಮುಗಿದ ಮೇಲೆ ಆಯಿತು. ಹುಡುಗ ಹಿರಿಯ ಮೊಮ್ಮಗನಾದ್ದರಿಂದ ಅವನಿಗೂ ಅದೇ ಹೆಸರು. ಗಂಡನ ಹೆಸರು ಹೇಳುವ ಶಾಸ್ತ್ರದಲ್ಲಿ ತಂಗಿ ನಾಚದೆ, ತೊದಲದೆ, ಟೈಪಿಂಗ್ ಪರೀಕ್ಷೆಯ ವೇಗದಲ್ಲಿ ಹೇಳಿಬಿಟ್ಟಳು. ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡು, "ಇವ್ಳು ನನ್ ಗಂಡನ ಹೆಸ್ರೂ ಹೇಳ್ಬಿಟ್ಳಲ್ಲೇ!" ಎಂದಳು.

ನಾನು ಪಟ್ಟಿಯನ್ನು ಹೊಸ ಹಾಳೆಯಲ್ಲಿ ಬರೆದೆ. ಒಂದು ಚೌಕ ಇದ್ದಲ್ಲಿ ಎರಡು ಮಾಡಿದೆ. ಒಂದರಲ್ಲಿ 'ಅವರು', ಇನ್ನೊಂದರಲ್ಲಿ 'ಅಣ್ಣ'. 'ಮಾಹಿತಿ ಇಲ್ಲ' ಎಂಬುದನ್ನು ಹೊಸ ಹಾಳೆಗೆ ತರಲಿಲ್ಲ.

ಆ ವರ್ಷ ಗೌರಿ ಹಬ್ಬದ ಹಿಂದಿನ ದಿನ ಊರಿನಲ್ಲಿದ್ದೆ. ಹಸಿರು ಬಸ್ಸಿನಿಂದ ತಂಗಿಯ ಮಾವ ಇಳಿದರು. ಕೈಯಲ್ಲಿ ಮೊರವಿರಲಿಲ್ಲ, ಅದು ಸಲ್ಲುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಬಾಳೆ ಎಲೆಯಲ್ಲಿ ಸುತ್ತಿದ ಒಂದು ಕಂದು ಸೀರೆ, ಒಂದು ತೆಂಗಿನಕಾಯಿ. ಅಜ್ಜಿಯ ಮುಂದಿಟ್ಟು ನಮಸ್ಕರಿಸಿ, "ಅತ್ತೆಮ್ಮ, ಅಪ್ಪ ಕಳ್ಸವ್ರೆ ಅಂದ್ಕಳಿ" ಎಂದರು.

ಅಜ್ಜಿ ಸೀರೆಯ ಅಂಚು ಬೆರಳಲ್ಲಿ ತಿಕ್ಕಿ ನೋಡಿದಳು. ಆಮೇಲೆ ಅವರ ಮುಖದ ಹತ್ತಿರ ಕಣ್ಣು ತಂದು ತುಂಬ ಹೊತ್ತು ನೋಡಿದಳು.

"ಕಿವಿ ನಮ್ಮಣ್ಣಂದೇ" ಎಂದಳು. "ತಡ ಮಾಡ್ದೆಯಲ್ಲಪ್ಪಾ. ಕೂತ್ಕ, ಉಣ್ಣೀಯಂತೆ."