ತೊಟ್ಟಿಲಲ್ಲಿಟ್ಟ ಹಸಿರು ಖಣ

ಬಸವಣ್ಣನ ಬಾಗಿಲಿಗೆ ನಡೆದುಕೊಳ್ಳುವ ತಾಯಂದಿರೇ, ನಾನು ಬೇಡಿದ್ದು ಒಂದು, ಆತ ಕೊಟ್ಟದ್ದು ಇನ್ನೊಂದು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನಾನು ಇಂಡಿ ಕಡೆಯವಳು. ಸಿಂದಗಿ ಹತ್ತಿರದ ನನ್ನ ಸೋದರಮಾವನಿಗೇ ನನ್ನನ್ನು ಕೊಟ್ಟರು. ಹಾಗಾಗಿ ಅವ್ವನ ತಾಯಿ, ನಾವು ಆಯಿ ಎನ್ನುವವಳೇ, ನನಗೆ ಅತ್ತೆ. ಮೊದಲ ಗಂಡುಕೂಸು ಕುತ್ತಿಗೆ ನಿಲ್ಲದೆ ಎಂಟು ತಿಂಗಳಿಗೆ ಹೋಯಿತು. ಆಮೇಲೆ ಹುಟ್ಟಿದ ನೀಲವ್ವ ಗಟ್ಟಿಮುಟ್ಟು. ಅವಳ ತೊಟ್ಟಿಲ ದಿನ ಆಯಿ ಹತ್ತು ವರ್ಷದ ನನ್ನ ತಮ್ಮನ ಕೈಯಿಂದ ಕೂಸಿನ ಪಕ್ಕ ಕುಪ್ಪಸದ ಹಸಿರು ಖಣ ಇಡಿಸಿ, "ಇಕಿ ನಿನ್ನ ಹೇಂತಿ" ಎಂದು ಮಾತು ಕಟ್ಟಿದಳು. ನಮ್ಮ ಮನೆತನದ ಪದ್ಧತಿ. ಆ ಖಣ ಹದಿನಾರು ವರ್ಷ ಟ್ರಂಕಿನಲ್ಲಿ ಮಡಿಕೆ ಬಿಚ್ಚದೆ ಇತ್ತು.

ಬಹಳ ತಡವಾಗಿ ಶಿವಕ್ಕ ಹುಟ್ಟಿದಳು. ನಾಲ್ಕು ತುಂಬಿದರೂ ಮಾತಿಲ್ಲ, ಕರೆದರೆ ತಿರುಗುವುದಿಲ್ಲ. "ಹಟಮಾರಿ ಅದಾಳ, ಅಷ್ಟ" ಎನ್ನುತ್ತಿದ್ದಳು ಆಯಿ. ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ಬಿಜಾಪುರದ ದವಾಖಾನೆಗೆ ಹೋದೆವು. ಡಾಕ್ಟರು ಕಿವಿ ಪರೀಕ್ಷೆ ಮಾಡಿ ಕೇಳಿದರು:

"ನಿಮ್ಮ ಮನಿಯವ್ರು ಮೊದಲ ನಿಮಗ ಏನಾಗಬೇಕ್ರಿ?"

"ನಮ್ಮವ್ವನ ತಮ್ಮ್ರಿ. ದೊಡ್ಡ ಮಗಳನ್ನೂ ನನ್ನ ತಮ್ಮಗ ಕೊಡೂದೈತ್ರಿ."

"ಈ ಹುಡುಗಿಗೆ ಹುಟ್ಟಿದಾಗಿಂದ ಕಿವಿ ಕೇಳೂದಿಲ್ಲ. ರಕ್ತಸಂಬಂಧದಾಗ ಹಿಂಗ ಆಗೂದು ಹೆಚ್ಚು. ದೊಡ್ಡಾಕಿನ್ನರೆ ಹೊರಗ ಕೊಡ್ರಿ."

ಬಸ್ಸಿನಲ್ಲಿ ಆಯಿ ಕೆಂಡವಾದಳು. "ಅವಗೇನ್ ಗೊತ್ತ? ನಾನೂ ನಮ್ಮ ಸೋದರಮಾವನ್ನ ಮಾಡಿಕೊಂಡಾಕಿ. ಬರೂ ವೈಶಾಖಕ್ಕ ನೀಲವ್ವನ ಲಗ್ನ, ಅಕ್ಕಿಕಾಳ ಹಾಕೂದ."

ಜಗಳವಾಡುವ ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ. ಶ್ರಾವಣದ ಪ್ರತಿ ಸೋಮವಾರ ಬಾಗೇವಾಡಿಯ ಬಸವಣ್ಣನ ಗುಡಿಗೆ ಬರುವ ಹರಕೆ ಹೊತ್ತೆ. ಹಿಪ್ಪರಗಿ ದಾರಿಯ ಬಸ್ಸಿನಲ್ಲಿ ಜೋಳದ ಚೀಲಗಳ ನಡುವೆ ಕೂಸನ್ನೆತ್ತಿಕೊಂಡು ನಿಂತೇ ಹೋಗುತ್ತಿದ್ದೆ. ಬೇಡುತ್ತಿದ್ದದ್ದು ಒಂದೇ, ಶಿವಕ್ಕನಿಗೆ ಕಿವಿ ಕೊಡು. ನೀಲವ್ವನನ್ನು ಉಳಿಸು ಎನ್ನಲು ಬಾಯೇ ಬರಲಿಲ್ಲ. ದೇವರ ಮುಂದೆಯೂ ನನಗೆ ಆಯಿಯ ಹೆದರಿಕೆ.

ಕಡೆಯ ಸೋಮವಾರ ಆಯಿಯೂ ಬಂದಳು. ಶಿವಕ್ಕ ಅವಳ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಯಾರೋ ತಲೆಯ ಮೇಲಿನ ದೊಡ್ಡ ಗಂಟೆ ಬಾರಿಸಿದರು. ಆಯಿ ಬೆಚ್ಚಿದಳು, ಕೂಸಿನ ರೆಪ್ಪೆ ಅಲುಗಲಿಲ್ಲ. ಆಯಿ ತಾನೇ ಕೈ ಎತ್ತಿ ಬಾರಿಸಿದಳು. ಮತ್ತೆ ಬಾರಿಸಿದಳು. ಆಮೇಲೆ ಅಲ್ಲೇ ಕಂಬಕ್ಕೆ ಒರಗಿ ಕುಸಿದಳು.

"ನನ್ನ ಮೂರು ಕೂಸು ಹೋದ್ವು. ದೃಷ್ಟಿ ಆಗೇತಿ ಅಂತ ಮೆಣಸಿನಕಾಯಿ ಸುಟಗೋತ ಕುಂತೆ," ಎಂದಳು. "ಬಸವಣ್ಣನ ಮುಂದ ಹೇಳ್ತೇನಿ. ನಾ ಕಟ್ಟಿದ ಮಾತು ನಾನ ಬಿಚ್ಚತೇನಿ."

ಮನೆಗೆ ಬಂದವಳೇ ಆ ಖಣ ತೆಗೆದು ಶಿವಕ್ಕನಿಗೆ ಪೋಲಕ ಹೊಲಿಸಿದಳು. ನಮ್ಮ ಮನೆಯವರು ತಾಯಿಯ ಮಾತಿಗೆ ಯಾವಾಗಿನಂತೆ ಗೋಣು ಹಾಕಿದರು. ತಮ್ಮ ಮಾತ್ರ ಸಿಟ್ಟಿನಿಂದ ಎರಡು ವರ್ಷ ನಮ್ಮ ಹೊಸ್ತಿಲು ತುಳಿಯಲಿಲ್ಲ. ನೀಲವ್ವನನ್ನು ಮುದ್ದೇಬಿಹಾಳದಲ್ಲಿ, ಹಿಂದೆಮುಂದೆ ಬಳಗವಲ್ಲದ ಮನೆಗೆ ಕೊಟ್ಟೆವು.

ಕಳೆದ ವರ್ಷ ಅವಳ ಬಾಣಂತನ ನಮ್ಮಲ್ಲೇ ಆಯಿತು. ತಿಂಗಳು ತುಂಬಿದ ಕೂಸಿನ ಹಿಂದೆ ನಿಂತು, ಬೇಕಂತಲೇ ಹಿತ್ತಾಳೆ ತಾಟು ಕೆಡವಿದೆ. ಕೂಸು ಬೆಚ್ಚಿಬಿದ್ದು ಮನೆ ಹಾರುವಂತೆ ಅತ್ತಿತು.

"ಯವ್ವಾ, ಈಗರೆ ಮಲಗಿಸಿದ್ನೆಲ್ಲ!" ಎಂದು ನೀಲವ್ವ ಬೈದಳು. ನಾನು ಸೆರಗಿನಲ್ಲಿ ಮುಖ ಮುಚ್ಚಿ ಅತ್ತೆ.

ಶಿವಕ್ಕನಿಗೆ ಇಂದಿಗೂ ಕಿವಿ ಕೇಳುವುದಿಲ್ಲ. ಆ ದುಃಖ ಇದೆ, ಸುಳ್ಳು ಹೇಳಲಾರೆ. ಆದರೆ ನಾನು ಬೇಡಲು ಹೆದರಿದ್ದನ್ನೂ ಕೇಳಿಸಿಕೊಂಡವನು ನೀನು, ಬಸವಣ್ಣ ತಂದೆ. ಈ ಶ್ರಾವಣಕ್ಕೂ ಬರುತ್ತೇನೆ. ಆಯಿಗೆ ಈಗ ಬಸ್ಸು ಹತ್ತಲಾಗದು. ಅವಳ ಕಾಯಿಯನ್ನೂ ನಾನೇ ತರುತ್ತೇನೆ.