ಎವೇಲಿಯೊ ಅಣ್ಣನ ಭಾನುವಾರಗಳು

ನಮ್ಮಣ್ಣ ಎವೇಲಿಯೊ ವೆರಾಕ್ರೂಸ್‌ನಲ್ಲಿ ಐವತ್ತು ವರ್ಷ ಗಂಡಸರ ಅಂಗಿ ಹೊಲಿದವನು. ಅತ್ತಿಗೆ ತೀರಿಕೊಂಡ ಮೇಲೆ ಕತ್ತರಿ ಕೆಳಗಿಟ್ಟು ನನ್ನ ಮನೆಗೆ ಬಂದ. ವಾರವಿಡೀ ಮೂಕಬಸವ. ಭಾನುವಾರ ಸಂಜೆಯಾದರೆ ಬಿಳಿ ಅಂಗಿ ತೊಟ್ಟು, ಮೀಸೆ ತೀಡಿ, ದಾನ್ಸೋನ್ ಎಂಬ ಜೋಡಿ ಕುಣಿತಕ್ಕೆ ಊರ ಚೌಕಕ್ಕೆ ಹೊರಡುತ್ತಿದ್ದ. ಅಲ್ಲಿ ಹನ್ನೊಂದು ವರ್ಷದಿಂದ ಒಬ್ಬಳೇ ಜೊತೆಗಾತಿ, ಮೆಚೆ ಅಂತ. ಕುಣಿತದ ಜೋಡಿಗಳು ಮನೆ ಎಲ್ಲಿ, ಮಕ್ಕಳೆಷ್ಟು ಎಂದು ಕೇಳಿಕೊಳ್ಳುವುದಿಲ್ಲ. ವಾದ್ಯ ನಿಂತರೆ ತಲೆಬಾಗಿ ಅವರವರ ದಾರಿ ಹಿಡಿಯುತ್ತಾರೆ. ಮರ್ಯಾದಸ್ಥರ ರೀತಿ ಅದು ಎನ್ನುತ್ತಿದ್ದ. ನನಗೆ ಮಾತ್ರ ಮೈ ಉರಿಯುತ್ತಿತ್ತು. ಒಡಹುಟ್ಟಿದವಳ ಜೊತೆ ನಾಲ್ಕು ಮಾತಾಡದವನು ಯಾರೋ ಹೆಂಗಸಿಗಾಗಿ ಮೀಸೆ ತೀಡುತ್ತಾನಲ್ಲ!

ಎಂಬತ್ತೊಂದನೆಯ ವಯಸ್ಸಿನಲ್ಲಿ ಬಸ್ಸಿನಿಂದ ಇಳಿಯುವಾಗ ಬಿದ್ದ. ಸೊಂಟದ ಹತ್ತಿರ ತೊಡೆಮೂಳೆಯ ಕತ್ತು ಮುರಿಯಿತು.

"ಮೂಳೆ ತುದಿಯ ಗುಂಡು ತೆಗೆದು ಲೋಹದ್ದು ಕೂರಿಸ್ತೀವಿ ತಾತ," ಎಂದಳು ಡಾಕ್ಟರಮ್ಮ. "ಅದು ಕೂರೋ ಬಟ್ಟಲು ಚೆನ್ನಾಗಿದೆ, ನಿಮ್ಮದೇ ಇರ್ಲಿ. ಮುಂದ್ಗಡೆಯಿಂದ ಚಿಕ್ಕದಾಗಿ ಕೊಯ್ದು, ಸ್ನಾಯು ಕತ್ತರಿಸ್ದೆ ಪಕ್ಕಕ್ಕೆ ಸರಿಸಿ ಮಾಡೋದು. ನಾಳೆನೇ ಎದ್ದು ನಿಲ್ತೀರಿ."

"ಎಷ್ಟು ಕೊಯ್ತೀರಮ್ಮ?"

"ನಿಮ್ಮ ಅಂಗಿ ಜೇಬಿನ ಬಾಯಿಯಷ್ಟು."

"ಅಷ್ಟರಲ್ಲೇ ಕೈ ತೂರಿಸಿ ಕೆಲ್ಸ ಮಾಡ್ತೀರಾ? ಹಾಗಿದ್ರೆ ನನಗಿಂತ ಒಳ್ಳೆ ದರ್ಜಿ ನೀವು ಬಿಡಿ!"

ಒಳಗೆ ಕರೆದೊಯ್ಯುವಾಗ ನನ್ನ ಕೈ ಹಿಡಿದುಕೊಂಡ. "ಹೆರ್ಮಿನಿಯಾ, ನಾಡಿದ್ದು ಭಾನುವಾರ. ಚೌಕಕ್ಕೆ ಹೋಗಿ ಮೆಚೆಗೆ ಹೇಳಿ ಬಾ. ಕಾಯ್ತಾಳೆ."

ಆಯಿತೆಂದೆ. ಹೋಗಲಿಲ್ಲ. ಈ ವಯಸ್ಸಿನಲ್ಲಿ ಇವನಿಗೆ ನಾನು ದೂತಿಯಾಗಬೇಕೇ ಎಂಬ ಹಟ. ಭಾನುವಾರ ಅವನು ಕೇಳಿದಾಗ ಬಾಯಿಗೆ ಬಂದದ್ದು ಅಂದುಬಿಟ್ಟೆ: "ಹೇಳ್ದೆ ಕಣೋ. ಬೇಗ ಹುಷಾರಾಗ್ಲಿ ಅಂದ್ಲು."

ಆ ಮಾತಿನ ಬಲದ ಮೇಲೆಯೇ ಅಣ್ಣ ನಡೆಯತೊಡಗಿದ. ಮೊದಲು ನಾಲ್ಕು ಕಾಲಿನ ಚೌಕಟ್ಟು, ಆಮೇಲೆ ಕೋಲು. ಪ್ರತಿ ಭಾನುವಾರ ನಾನು ಚೌಕಕ್ಕೆಂದು ಹೇಳಿ ಸಂತೆಗೆ ಹೋಗಿ ಬರುವಷ್ಟು ಹೊತ್ತು ಬಾಗಿಲನ್ನೇ ನೋಡುತ್ತಾ ಕೂತಿರುತ್ತಿದ್ದ.

"ಇವತ್ತೇನಂದ್ಲು?"

"ಮುದುಕ ಸೋಮಾರಿ ಆಗಿದಾನೆ ಅಂದ್ಲು."

ನಕ್ಕು ಅಂಗಳದಲ್ಲಿ ಮತ್ತೆರಡು ಸುತ್ತು ಹಾಕುತ್ತಿದ್ದ. ಒಂದು ದಿನ ನಿಜವಾಗಿಯೂ ಹೋಗಿ ಹೇಳೋಣ ಎನ್ನಿಸುತ್ತಿತ್ತು. ಹೇಳಿದರೆ ಅವಳು ನನ್ನ ಮನೆಗೇ ಬಂದು ಅವನ ಮಂಚದ ಪಕ್ಕ ಕೂತಾಳು ಎಂಬ ಹೊಟ್ಟೆಕಿಚ್ಚು ಬಿಡಲಿಲ್ಲ.

ಏಳನೆಯ ಭಾನುವಾರ ತಾನೇ ಹೋಗುತ್ತೇನೆ ಎಂದು ಹೊರಟ. ನಾನೂ ಜೊತೆಗೆ ಹೋದೆ. ವಾದ್ಯ ಶುರುವಾಗಿತ್ತು, ಮೆಚೆ ಇರಲಿಲ್ಲ. ಅಲ್ಲಿ ಕಡಲೆಕಾಯಿ ಮಾರುವ ನಬೋರ್, ನಮ್ಮಣ್ಣನನ್ನು ನೋಡಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ.

"ಬದುಕಿದ್ದೀರಾ ಯಜಮಾನ್ರೇ! ಪಾಪ, ಮೆಚೆ ಅಮ್ಮ ಐದು ಭಾನುವಾರ ಇಲ್ಲೇ ಕೂತಿದ್ರು. ಯಾರು ಕರೆದ್ರೂ ಕುಣೀಲಿಲ್ಲ. ಸಿಕ್ಕೋರನ್ನೆಲ್ಲ ಕೇಳಿದ್ರು, ನಿಮ್ಮ ಮನೆ ಯಾರಿಗೆ ಗೊತ್ತು ಹೇಳಿ? ಕೊನೆಗೆ ನೀವು ಹೋಗ್ಬಿಟ್ರಿ ಅಂದ್ಕೊಂಡು ಇಗರ್ಜೀಲಿ ಪೂಜೆ ಮಾಡಿಸಿದ್ರು. ಆಮೇಲೆ ಮಗಳು ಬಂದು ಕರ್ಕೊಂಡ್ಹೋದ್ಲು. ಯಾವೂರೋ, ಹೇಳ್ಲಿಲ್ಲ."

ಅಣ್ಣ ನನ್ನ ಕಡೆ ತಿರುಗಿದ. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಐದು ಭಾನುವಾರ," ಎಂದ, ಅಷ್ಟೇ.

ಈಗ ವಾರ ತಪ್ಪದೆ ನಾನೇ ಅವನನ್ನು ಕರೆದುಕೊಂಡು ಹೋಗುತ್ತೇನೆ. ಕಾಲು ಗಟ್ಟಿಯಾಗಿದೆ, ಕುಣಿಯಬಹುದು ಎಂದು ಡಾಕ್ಟರಮ್ಮನೂ ಹೇಳಿದ್ದಾಳೆ. ಅವನು ಯಾರ ಜೊತೆಯೂ ಕುಣಿಯುವುದಿಲ್ಲ. ನಾನು ಮೆಚೆಯ ಮುಖ ಕಂಡವಳಲ್ಲ. ಆದರೂ ಬೀದಿಯ ತಿರುವಿನಲ್ಲಿ ನರೆಗೂದಲ ಹೆಂಗಸು ಯಾರೇ ಕಂಡರೂ ನಿಂತುಬಿಡುತ್ತೇನೆ. ಅಣ್ಣನ ಮೊಣಕೈ ಹಿಡಿದು, "ಅವಳೇನೋ?" ಎನ್ನುತ್ತೇನೆ.

"ಅಲ್ಲ ಕಣೆ," ಎನ್ನುತ್ತಾನೆ, ನನ್ನನ್ನೇ ಸಮಾಧಾನ ಮಾಡುವವನ ಹಾಗೆ.