ಚಾಕು ತಾಗದ ಡೈನೋಸಾರ್

ಶಿರೋಳದಿಂದ ಗಜೇಂದ್ರಗಡಕ್ಕೆ ಮನೆ ಬದಲಿಸಿದ ವರ್ಷ ನನ್ನ ಮಗಳು ಹೊಸ ಶಾಲೆಯಲ್ಲಿ ಒಬ್ಬಳೇ ಕೂತು ಡಬ್ಬಿ ಉಣ್ಣುತ್ತಿದ್ದಳು. ಅದಕ್ಕೇ ಇರಬೇಕು, ತನ್ನ ಹುಟ್ಟುಹಬ್ಬಕ್ಕೆ ಅವ್ವ ಉದ್ದ ಕತ್ತಿನ ಡೈನೋಸಾರ್ ಕೇಕ್ ಮಾಡುತ್ತಾಳೆಂದು ಇಡೀ ತರಗತಿಗೆ ಸಾರಿ, ಎಲ್ಲರನ್ನೂ ಕರೆದು ಬಂದಳು. ಜೊತೆಯ ಹುಡುಗಿಯೊಬ್ಬಳು, "ಸುಳ್ಳ ಹೇಳ್ತಿ, ಅಂಥಾ ಕೇಕ್ ಇರೂದಿಲ್ಲ," ಅಂದಳಂತೆ. ಮಗಳು ಅಳುತ್ತ ಹೇಳಿದ್ದನ್ನು ಅಡುಗೆಮನೆಯಲ್ಲಿ ನಾನೂ ಅತ್ತೆಯೂ ಕೇಳಿಸಿಕೊಂಡೆವು. ಏನೇ ಆಗಲಿ, ಮಾಡಿಯೇ ತೀರುತ್ತೇನೆ ಅಂದುಕೊಂಡೆ.

ಬಸ್ ಸ್ಟ್ಯಾಂಡಿನ ಹತ್ತಿರದ ಬೇಕರಿಯವನು, "ದುಂಡಂದು, ಚೌಕಂದು, ಎರಡ ನೋಡ್ರಿ. ಬೇಕಂದ್ರ ಮ್ಯಾಲ ಪ್ಲಾಸ್ಟಿಕ್ ಡೈನೋಸಾರ್ ಇಟ್ಟ ಕೊಡ್ತೀನಿ," ಅಂದ. ಪ್ಲಾಸ್ಟಿಕ್ ತಿನ್ನಲು ಬರುತ್ತದೆಯೇ? ಸಿಟ್ಟಿನಲ್ಲೇ ಬಣ್ಣ, ಕ್ರೀಮು, ಖೋವಾ ಕೊಂಡು ಮನೆಗೆ ಬಂದೆ.

ಕುಕ್ಕರಿನ ರಬ್ಬರ್ ತೆಗೆದು, ತಳಕ್ಕೆ ಉಪ್ಪು ಸುರಿದು, ಮೊಟ್ಟೆಯಿಲ್ಲದ ಕೇಕ್ ಬೇಯಿಸಿದೆ. ಬರುವ ಮಕ್ಕಳಲ್ಲಿ ಮೊಟ್ಟೆ ಮುಟ್ಟದವರೇ ಹೆಚ್ಚು. ಆದರೆ ಅದು ಕೈ ತಾಗಿದರೆ ಉದುರುತ್ತಿತ್ತು. ಉದುರಲಿ ಎಂದು ಪೂರಾ ಪುಡಿ ಮಾಡಿ ಖೋವಾ ಸೇರಿಸಿ ನಾದಿದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಪ್ರತಿವರ್ಷ ಎತ್ತು ಮಾಡಿದ ಕೈ ನನ್ನದು. ಮೈ, ಕಾಲು ಬೇಗ ಬೇಗ ಆದವು. ಹಿಂದೆ ಸರಿದು ನೋಡಿದರೆ ಬೆನ್ನ ಮೇಲೆ ಡುಬ್ಬ ಸಮೇತ ಎತ್ತೇ ನಿಂತಿದೆ! ನಮ್ಮ ಯಜಮಾನರು ಬಾಗಿಲಲ್ಲೇ ನಿಂತು, "ಕೋಡ ಒಂದ ಇಡು, ಹೊಲಕ್ಕ ಹೊಡಕೊಂಡ ಹೋಗ್ತೀನಿ," ಅಂದರು. ಅವರನ್ನು ಹೊರಗಟ್ಟಿ, ಡುಬ್ಬ ಕಿತ್ತು ಕತ್ತಿಗೆ ಹಚ್ಚಿದೆ. ಕತ್ತು ಬಿತ್ತು. ನಿಲ್ಲಿಸಿದೆ, ಮತ್ತೆ ಬಿತ್ತು. ಕೊನೆಗೆ ಸಿಪ್ಪೆ ಹೆರೆದ ಕಬ್ಬಿನ ತುಂಡನ್ನು ಮೈಯೊಳಗೆ ನೆಟ್ಟು ಸುತ್ತಲೂ ಮೆತ್ತಿದೆ. ಈ ಸಲ ಬೀಳಲಿಲ್ಲ. ಹಸಿರು ಕ್ರೀಮ್ ಬಳಿದು, ಕಣ್ಣಿಗೆ ಒಣದ್ರಾಕ್ಷಿ ಇಟ್ಟೆ.

ಸಂಜೆ ಮಕ್ಕಳು ಬಂದು ಸುತ್ತ ನೆರೆದರು. ನಾನು ಚಾಕು ತಂದದ್ದೇ ಅತ್ತೆ ಅಡ್ಡ ಬಂದರು.

"ಜೀವದ ಆಕಾರ ಐತಿ. ನಮ್ಮ ಮನ್ಯಾಗ ಅದರ ಕುತಿಗಿಗೆ ಚಾಕು ಹಾಕಬ್ಯಾಡವಾ. ನಾ ಒಪ್ಪೂದಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಇದನ್ನು ಮೊದಲೇ ಹೇಳಬಾರದಿತ್ತೇ? ಸುಳ್ಳು ಅಂದಿದ್ದ ಆ ಹುಡುಗಿ ಇದೇ ಸಂದು ನೋಡಿ, "ಇದ ಕೇಕ್ ಅಲ್ಲ, ಬರೇ ಗೊಂಬಿ," ಅಂದಳು. ಮಗಳು ಬಂದು ನನ್ನ ಸೆರಗು ಹಿಡಿದಳು. ತಿನ್ನಲು ಕೊಡದೆ ಇವರನ್ನು ಕಳಿಸಿದರೆ ನಾಳೆ ಶಾಲೆಯಲ್ಲಿ ಅವಳ ಗತಿ ಏನಾದೀತು? ಚಾಕು ಕೆಳಗಿಟ್ಟೆ, ಆದರೆ ಹಟ ಬಿಡಲಿಲ್ಲ.

"ಅತ್ತಿ, ಗೌರಿ ಹುಣ್ಣಿವಿಗೆ ಆರತಿಗಂತ ಸಕ್ಕರಿ ಆನಿ, ಸಕ್ಕರಿ ಒಂಟಿ ಮಾಡ್ತೀವಲ್ರಿ. ಅದಕ್ಕ ಚಾಕು ಹಾಕ್ತೀವೇನ್ರಿ? ಕೈಲೆ ಮುರದ ತಿಂತೀವಲ್ಲ?"

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಕೇಕಿನ ಮುಂದೆ ಕೂತರು. ಬಾಲ ಮುರಿದರು. ಮೊಮ್ಮಗಳಿಗೆ ಕೊಡುತ್ತಾರೆ ಅಂದುಕೊಂಡರೆ, ಆ ಹುಡುಗಿಯನ್ನು ಹತ್ತಿರ ಕರೆದು ಅವಳ ಬಾಯಿಗೆ ಇಟ್ಟರು.

"ಈಗ ಹೇಳವಾ, ನಮ್ಮ ಹುಡುಗಿ ಸುಳ್ಳ ಹೇಳಿದ್ಲೇನು?"

ಬಾಯ್ತುಂಬ ಕೇಕ್ ಇದ್ದುದರಿಂದ ಆ ಹುಡುಗಿ ಇಲ್ಲ ಎಂದು ಜೋರಾಗಿ ತಲೆಯಾಡಿಸಿದಳು.